ಹತ್ತಿದ್ದು ಎಲ್ಲಿ ಹೋಯಿತು?

"ಘಟ್ಟ ಹತ್ತಿಸುವುದು ಎಂಜಿನು, ಇಳಿಸುವುದು ಡ್ರೈವರು" ಎಂಬುದು ಆಚೆಮನೆ ಗೌಡರ ಮಾತು. ಸುಳ್ಯ–ಮಡಿಕೇರಿ ದಾರಿಯಲ್ಲಿ, ಸಂಪಾಜೆ ಘಟ್ಟದ ತಿರುವುಗಳಲ್ಲಿ, ಬಹಳ ವರ್ಷ ಬಸ್ಸು ಓಡಿಸಿದವರು ಅವರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು. ಈಗ ಇಬ್ಬರಿಗೂ ಅಡಿಕೆ ತೋಟವೇ ಕೆಲಸ. ನಮ್ಮ ತೋಟಗಳ ನಡುವೆ ಒಂದು ಅಗಳು, ಅದರ ದಂಡೆಯಲ್ಲಿ ಗೊಬ್ಬರದ ಗಿಡದ ಬೇಲಿ, ಬೇಲಿಯಲ್ಲಿ ಒಂದು ತಡಮೆ. ತಡಮೆ ದಾಟುವುದು ಕಡಿಮೆ. ಅವರು ಆಚೆ, ನಾನು ಈಚೆ ನಿಂತೇ ಮಾತಾಡುವುದು, ಒಳಗಿನಿಂದ ಯಾರಾದರೂ ಕಾಫಿಗೆ ಕರೆಯುವವರೆಗೆ.

ಮೊನ್ನೆ ಸಂಜೆ ಅವರು ಕೇಳಿದರು: "ಅಲ್ಲ ಮಾಸ್ಟ್ರೆ, ಮಡಿಕೇರಿಗೆ ಹತ್ತುವಾಗ ಅಷ್ಟು ಡೀಸೆಲ್ ಸುಡ್ತದೆ. ಅದೇ ಬಸ್ಸು ಸಂಜೆಗೆ ವಾಪಸ್ ಸುಳ್ಯಕ್ಕೆ. ಹೊರಟ ಜಾಗಕ್ಕೇ ಬಂದು ನಿಂತದ್ದು. ಹಾಗಾದ್ರೆ ಹತ್ತಿದ್ದು ಎಲ್ಲಿ ಹೋಯ್ತು?"

ಈ ಪ್ರಶ್ನೆಯನ್ನು ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ್ದರೆ ಆ ದಿನದ ಪಾಠ ಬದಿಗಿಟ್ಟು ಇದನ್ನೇ ಹಿಡಿಯುತ್ತಿದ್ದೆ. ಶಕ್ತಿ ಹುಟ್ಟುವುದಿಲ್ಲ, ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ: ಪಠ್ಯಪುಸ್ತಕದಲ್ಲಿ ಅದು ಒಂದೇ ಸಾಲು. ಮಕ್ಕಳು ಬಾಯಿಪಾಠ ಮಾಡಿ ಅಂಕ ತೆಗೆಯುತ್ತಾರೆ. ಸಂಪಾಜೆ ಘಟ್ಟ ಆ ಸಾಲಿನೊಳಗೆ ಉಂಟು ಎಂದು ಅವರಿಗೆ ಯಾರೂ ಹೇಳುವುದಿಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿದ್ದುಕೊಂಡು ಮಕ್ಕಳಿಗಾಗಿ ಕನ್ನಡದಲ್ಲಿ ವಿಜ್ಞಾನ ಬರೆದ ನಾಡಿದು. ಇಲ್ಲಿಯ ಮಕ್ಕಳಿಗೆ ಶಕ್ತಿಯ ಪಾಠವನ್ನು ಇಲ್ಲಿಯದೇ ಗುಡ್ಡ, ಬಸ್ಸು, ತೋಡು ತೋರಿಸಿ ಹೇಳಬೇಕು ಎಂಬ ಆಸೆ ನನಗೆ ಇವತ್ತಿಗೂ ಹೋಗಿಲ್ಲ.

"ಲೆಕ್ಕ ಹಾಕುವ ಗೌಡ್ರೆ" ಎಂದೆ. ಜನ ಸೇರಿ ಬಸ್ಸಿನ ತೂಕ 12 ಟನ್ ಎಂದಿಟ್ಟುಕೊಳ್ಳೋಣ. ಸಂಪಾಜೆಯಿಂದ ಮಡಿಕೇರಿಗೆ ಏರು ಸುಮಾರು ಸಾವಿರ ಮೀಟರ್. ಅಷ್ಟು ತೂಕವನ್ನು ಅಷ್ಟು ಮೇಲೆ ಎತ್ತಲು ಬೇಕಾಗುವ ಶಕ್ತಿ ಹತ್ತಿರ ಹತ್ತಿರ 12 ಕೋಟಿ ಜೂಲ್. ಕೋಟಿ ಎಂದರೆ ದೊಡ್ಡದಾಗಿ ಕೇಳುತ್ತದೆ, ಆದರೆ ಕರೆಂಟು ಬಿಲ್ಲಿನ ಲೆಕ್ಕದಲ್ಲಿ ಅದು 33 ಯೂನಿಟ್ ಮಾತ್ರ.

"ಇಷ್ಟೇಯಾ?" ಗೌಡರಿಗೆ ನಂಬಿಕೆ ಬರಲಿಲ್ಲ.

ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇರುತ್ತದೆ. ಹಾಗಾಗಿ ಬರೀ ಎತ್ತರಕ್ಕೆ ಸಲ್ಲಬೇಕಾದದ್ದು ಮೂರು ಚಿಲ್ಲರೆ ಲೀಟರ್. "ಅದರ ಮೂರು ಪಟ್ಟು ಕುಡೀತಿತ್ತು ನಮ್ಮ ಗಾಡಿ" ಎಂದರು ಗೌಡರು. ಅವರ ಅನುಭವ ಸರಿಯಾಗಿಯೇ ಉಂಟು. ಎಂಜಿನ್ನಿನಲ್ಲಿ ಸುಟ್ಟ ಡೀಸೆಲ್ಲಿನ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸೈಲೆನ್ಸರಿನಿಂದಲೂ ರೇಡಿಯೇಟರಿನಿಂದಲೂ ಬಿಸಿಯಾಗಿ ಹೊರಗೆ ಹೋಗುತ್ತದೆ. ಚಕ್ರಕ್ಕೆ ತಲುಪುವುದು ಉಳಿದ ಒಂದು ಪಾಲು. ಅದರಲ್ಲೂ ಟಯರಿನ ತಿಕ್ಕಾಟ, ಗಾಳಿಯ ತಡೆ ಎಲ್ಲ ಕಳೆದು ಉಳಿದದ್ದು ಎತ್ತರವಾಗಿ ಬಸ್ಸಿನ ಹೆಸರಿಗೆ ಜಮೆಯಾಗುತ್ತದೆ.

ಜಮೆ ಎನ್ನುವುದಕ್ಕೆ ಕಾರಣ ಉಂಟು. ಮೊಳಹಳ್ಳಿ ಶಿವರಾಯರು 1909ರಲ್ಲಿ ಸಹಕಾರಿ ಸಂಘ ಕಟ್ಟಿದ ಪುತ್ತೂರಿನ ಸೀಮೆಯವರು ನಾವು. ಸೊಸೈಟಿಯ ಪಾಸ್‌ಪುಸ್ತಕ ಇಲ್ಲದ ಮನೆ ಇಲ್ಲಿಲ್ಲ. ಒಂದು ಖಾತೆಯಿಂದ ತೆಗೆದದ್ದು ಇನ್ನೊಂದು ಖಾತೆಯಲ್ಲಿ ಕಾಣಲೇಬೇಕು, ನಡುವೆ ಒಂದು ಪೈಸೆ ಮಾಯವಾಗುವಂತಿಲ್ಲ. ಪ್ರಕೃತಿ ಇಡುವ ಲೆಕ್ಕವೂ ಹಾಗೆಯೇ. ಮಡಿಕೇರಿ ಬಸ್ ನಿಲ್ದಾಣದಲ್ಲಿ ಎಂಜಿನ್ ಬಂದ್ ಮಾಡಿ ನಿಂತ ಬಸ್ಸು ಖಾಲಿ ಕೈಯಲ್ಲಿ ನಿಂತದ್ದಲ್ಲ. 33 ಯೂನಿಟ್ ಠೇವಣಿ ಇಟ್ಟುಕೊಂಡು ನಿಂತದ್ದು. ಸುಳ್ಯಕ್ಕೆ ಇಳಿಯುವುದೆಂದರೆ ಆ ಠೇವಣಿಯನ್ನು ಪೂರ್ತಿ ಬಿಡಿಸುವುದು.

ಬಿಡಿಸಿ ಎಲ್ಲಿ ಹಾಕುವುದು ಎಂಬುದೇ ಡ್ರೈವರನ ತಲೆಬಿಸಿ. ತಿಕ್ಕಾಟವೇ ಇಲ್ಲದೆ, ಬ್ರೇಕೇ ಒತ್ತದೆ, ಆ ಸಾವಿರ ಮೀಟರ್ ಎತ್ತರವೆಲ್ಲ ವೇಗವೇ ಆದರೆ ಸಂಪಾಜೆಗೆ ಬರುವಾಗ ಬಸ್ಸು ಗಂಟೆಗೆ 500 ಕಿಲೋಮೀಟರ್ ಓಡುತ್ತಿರಬೇಕು. ಗೌಡರು ಬರುತ್ತಿದ್ದದ್ದು ಗಂಟೆಗೆ ಮೂವತ್ತರಲ್ಲಿ. ಆ ಮೂವತ್ತರ ಓಟದಲ್ಲಿ ಇರುವ ಶಕ್ತಿ ಒಂದು ಯೂನಿಟ್ಟಿನ ಎಂಟನೆಯ ಒಂದು ಪಾಲೂ ಇಲ್ಲ. ಅಂದರೆ ಕಣ್ಣಿಗೆ ಕಾಣುವ ಓಟ ಬಹಳ ಸಣ್ಣದು. ಕಾಣದೆ ಇರುವ ಎತ್ತರ ಅದರ ಇನ್ನೂರೈವತ್ತು ಪಟ್ಟಿಗಿಂತ ಹೆಚ್ಚು. ಇಷ್ಟು ವರ್ಷ ಈ ವಿಷಯ ಓದಿಯೂ ಪಾಠ ಮಾಡಿಯೂ ಈ ಅಂಕಿ ನೋಡುವಾಗ ನನಗೆ ಮೈ ಜುಮ್ಮೆನ್ನುತ್ತದೆ. ಓಡುವ ವಸ್ತುವಿಗೆ ಹೆದರಬೇಕು ಎಂದು ನಾವು ತಿಳಿದಿದ್ದೇವೆ. ಎತ್ತರದಲ್ಲಿ ಸುಮ್ಮನೆ ನಿಂತ ವಸ್ತುವಿಗೆ ಅದಕ್ಕಿಂತ ಹೆಚ್ಚು ಮರ್ಯಾದೆ ಕೊಡಬೇಕು.

ಗೌಡರು ಆ ಮರ್ಯಾದೆ ಕೊಟ್ಟವರು. "ಬ್ರೇಕಿನ ಮೇಲೆ ಕಾಲು ಇಟ್ಟೇ ಇಳಿಯುವವ ಡ್ರೈವರಲ್ಲ" ಎನ್ನುತ್ತಾರೆ. ಬ್ರೇಕ್ ಒತ್ತಿದಾಗ ಲೈನಿಂಗು ಡ್ರಮ್ಮಿಗೆ ಉಜ್ಜುತ್ತದೆ, ಎತ್ತರದ ಶಕ್ತಿ ಅಲ್ಲಿ ಬಿಸಿಯಾಗುತ್ತದೆ. 33 ಯೂನಿಟ್ಟನ್ನು ಒಂದು ಗಂಟೆಯಲ್ಲಿ ಕಳೆಯುವುದೆಂದರೆ ಸಾವಿರ ವ್ಯಾಟಿನ 33 ಕಾಯಿಲ್ ಒಂದೇ ಸಮನೆ ಉರಿದ ಹಾಗೆ. ಟಯರು, ಗಾಳಿ ಒಂದಿಷ್ಟು ಪಾಲು ತೆಗೆದುಕೊಂಡರೂ ಉಳಿದದ್ದೆಲ್ಲ ಡ್ರಮ್ಮಿಗೇ ಬಿದ್ದರೆ ಅದು ತಡೆಯುವುದಿಲ್ಲ. ಲೈನಿಂಗು ಕಾದಷ್ಟು ಅದರ ಹಿಡಿತ ಕಡಿಮೆಯಾಗುತ್ತದೆ. ಹಿಡಿತ ಕಡಿಮೆಯಾಯಿತೆಂದು ಇನ್ನಷ್ಟು ಒತ್ತಿದರೆ ಇನ್ನಷ್ಟು ಕಾಯುತ್ತದೆ. ಘಟ್ಟದ ಬುಡದಲ್ಲಿ ನಿಂತ ಲಾರಿಯ ಹತ್ತಿರ ಹೋದಾಗ ಮೂಗಿಗೆ ಬಡಿಯುವ ಸುಟ್ಟ ವಾಸನೆ ಇದೇ. ಆ ವಾಸನೆ ಬಂದರೆ ಗಾಡಿ ಬದಿಗೆ ಹಾಕಿ ಡ್ರಮ್ ತಣಿಯುವವರೆಗೆ ಕಾಯಬೇಕು, ಬಿಸಿ ಡ್ರಮ್ಮಿಗೆ ನೀರು ಹೊಯ್ಯಬಾರದು, ಬಿರುಕು ಬಿಡುತ್ತದೆ ಎಂದು ಗೌಡರು ಹೊಸ ಡ್ರೈವರುಗಳಿಗೆ ಹೇಳಿಕೊಡುತ್ತಿದ್ದರಂತೆ.

"ಏರಿದ ಗೇರಿನಲ್ಲೇ ಇಳಿಯಬೇಕು, ಅಷ್ಟೇ." ಈ ಒಂದು ಮಾತಿನಲ್ಲಿ ಎಷ್ಟು ವಿಜ್ಞಾನ ಉಂಟು! ಸಣ್ಣ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಎಂಜಿನು ಬಸ್ಸನ್ನು ಎಳೆಯುವುದಿಲ್ಲ, ಬಸ್ಸೇ ಎಂಜಿನ್ನನ್ನು ತಿರುಗಿಸುತ್ತದೆ. ಸಿಲಿಂಡರಿನಲ್ಲಿ ಗಾಳಿಯನ್ನು ಒತ್ತುವುದಕ್ಕೆ, ಪಿಸ್ಟನ್ನಿನ ತಿಕ್ಕಾಟಕ್ಕೆ ಶಕ್ತಿ ಬೇಕಲ್ಲ, ಅದು ಹೋಗುವುದು ಎತ್ತರದ ಠೇವಣಿಯಿಂದ. ಹೊಗೆ ಕೊಳವೆಯನ್ನು ಮುಚ್ಚಿ ಹಿಡಿಯುವ ಎಕ್ಸಾಸ್ಟ್ ಬ್ರೇಕ್ ಇದ್ದರೆ ಇನ್ನೂ ಹೆಚ್ಚು. ಆ ಬಿಸಿಯನ್ನು ಹೊರಹಾಕಲು ರೇಡಿಯೇಟರು, ಫ್ಯಾನು, ಸೈಲೆನ್ಸರು ಮೊದಲೇ ಸಿದ್ಧವಾಗಿ ಇರುತ್ತವೆ. ಬ್ರೇಕ್ ಡ್ರಮ್ಮಿಗೆ ಅಂಥ ಯಾವ ಏರ್ಪಾಡೂ ಇಲ್ಲ. ಬ್ರೇಕನ್ನು ತಿರುವಿಗೆ, ಎದುರು ಬಂದ ಗಾಡಿಗೆ, ಅಡ್ಡ ಬಂದ ದನಕ್ಕೆ ಉಳಿಸಿಕೊಳ್ಳುವುದು ಬುದ್ಧಿವಂತಿಕೆ.

ಈ ನಡುವೆ ಇಳಿಜಾರು ಸಿಕ್ಕಿದ ಕೂಡಲೇ ಹುಡುಗರು ನ್ಯೂಟ್ರಲ್ ಮಾಡುತ್ತಾರೆ, ಕೆಲವರು ಎಂಜಿನ್ನನ್ನೇ ಬಂದ್ ಮಾಡುತ್ತಾರೆ, ಪೆಟ್ರೋಲ್ ಉಳಿಯುತ್ತದೆ ಎಂದು. ಗೌಡರಿಗೆ ಇದು ಕಂಡರೆ ಆಗುವುದಿಲ್ಲ, ನನಗೂ ಆಗುವುದಿಲ್ಲ. ಈಗಿನ ಕಾರುಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರು ಇಂಧನ ಕೊಡುವುದನ್ನೇ ನಿಲ್ಲಿಸುತ್ತದೆ. ಎಂಜಿನ್ನನ್ನು ತಿರುಗಿಸುವುದು ಇಳಿಜಾರೇ. ನ್ಯೂಟ್ರಲ್ ಮಾಡಿದರೆ ಎಂಜಿನು ತನ್ನಷ್ಟಕ್ಕೆ ತಿರುಗಲು ಪೆಟ್ರೋಲ್ ಬೇಕು. ಉಳಿತಾಯವೂ ಇಲ್ಲ, ಎಂಜಿನ್ನಿನ ಹಿಡಿತವೂ ಇಲ್ಲ. ಎಂಜಿನ್ ಬಂದ್ ಮಾಡಿದ ಕಾರಿನಲ್ಲಿ ಎರಡು ಮೂರು ಸಲ ಬ್ರೇಕ್ ಒತ್ತಿದ ಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಕಾಲಿಗೆ ಸಹಾಯ ಮಾಡುತ್ತಿದ್ದ ನಿರ್ವಾತ ಮುಗಿದಿರುತ್ತದೆ. ಮಾಣಿಯಿಂದ ಪುತ್ತೂರು, ಸುಳ್ಯ ದಾಟಿ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಅಪ್ಪಂದಿರು ಇದನ್ನು ದಯವಿಟ್ಟು ನೆನಪಿಡಬೇಕು.

ವೇಗದ ವಿಷಯದಲ್ಲಿ ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ವೇಗ ಎರಡು ಪಟ್ಟಾದರೆ ಓಟದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ನಲವತ್ತರಲ್ಲಿ ಹೋಗುವ ಬೈಕು ಬ್ರೇಕ್ ಹಿಡಿದ ಮೇಲೆ ಎಷ್ಟು ದೂರದಲ್ಲಿ ನಿಲ್ಲುತ್ತದೋ, ಎಂಭತ್ತರಲ್ಲಿ ಹೋಗುವುದಕ್ಕೆ ಅದರ ನಾಲ್ಕು ಪಟ್ಟು ದೂರ ಬೇಕು. ಇದನ್ನು ಮಣ್ಣಿನಲ್ಲಿ ಬರೆದು ತೋರಿಸಿದವರು ಹಾಲೆಂಡಿನ ಲೈಡನ್ನಿನಲ್ಲಿದ್ದ ಸ್ಗ್ರಾವೆಸಾಂಡೆ ಎಂಬ ವಿಜ್ಞಾನಿ. ಸುಮಾರು 1722ರ ಹೊತ್ತಿಗೆ ಹಿತ್ತಾಳೆ ಗುಂಡುಗಳನ್ನು ಬೇರೆ ಬೇರೆ ಎತ್ತರದಿಂದ ಮೆತ್ತಗಿನ ಜೇಡಿಮಣ್ಣಿಗೆ ಬೀಳಿಸಿ ಗುಂಡಿಯನ್ನು ಅಳೆದರು. ಎರಡು ಪಟ್ಟು ವೇಗದ ಗುಂಡು ನಾಲ್ಕು ಪಟ್ಟು ಗುಂಡಿ ತೋಡಿತು. ಫ್ರಾನ್ಸಿನ ಎಮಿಲಿ ದ್ಯು ಶಾತ್ಲೆ ಎಂಬ ವಿದುಷಿ 1740ರಲ್ಲಿ ತಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿ ಈ ಫಲಿತಾಂಶದ ಪರ ವಾದಿಸಿದರು. ಮನೆಯಲ್ಲೇ ಕುಳಿತು ಗಣಿತ ಕಲಿತು ಆ ಕಾಲದ ದೊಡ್ಡವರೊಂದಿಗೆ ಸರಿಸಮನಾಗಿ ವಾದಿಸಿದ ಆ ಹೆಂಗಸಿನ ಹೆಸರು ನಮ್ಮ ಹೆಣ್ಣುಮಕ್ಕಳ ಪಾಠಪುಸ್ತಕದಲ್ಲಿ ಇರಬೇಕು.

"ಜೇಡಿಮಣ್ಣಿಗೆ ಎಂತಕ್ಕೆ ಹೋಗ್ತೀರಿ, ಇಲ್ಲಿ ನೋಡಿ" ಎಂದರು ಗೌಡರು. ಮಳೆ ಬಂದು ನೆನೆದ ಮಣ್ಣಿನಲ್ಲಿ, ತೆಂಗಿನ ಮರದ ಬುಡದ ಹತ್ತಿರ, ಕಾಯಿ ಬಿದ್ದ ಗುಂಡಿ. ಕಾಯಿಯನ್ನು ಗೌಡರ ಮನೆಯವರು ಆಗಲೇ ಹೆಕ್ಕಿ ಒಳಗೆ ತೆಗೆದುಕೊಂಡು ಹೋಗಿದ್ದರು, ಗುಂಡಿ ಮಾತ್ರ ಅಲ್ಲೇ ಇತ್ತು, ಒಂದು ಬದಿ ಚೂಪಾಗಿ, ಅಂಚಿನ ಮಣ್ಣು ಸುತ್ತಲೂ ಉಬ್ಬಿ. ಒಂದೂವರೆ ಕಿಲೋದ ಕಾಯಿ ಇಪ್ಪತ್ತು ಮೀಟರ್ ಮೇಲಿನಿಂದ ಬಿದ್ದರೆ ನೆಲಕ್ಕೆ ತಾಗುವಾಗ ಗಂಟೆಗೆ 70 ಕಿಲೋಮೀಟರಿನ ವೇಗ. ಶಕ್ತಿ ಸುಮಾರು 300 ಜೂಲ್. ಐದು ಮೀಟರಿನಿಂದ ಬಿದ್ದರೆ ವೇಗ ಇದರ ಅರ್ಧ, ಶಕ್ತಿ ಕಾಲು ಪಾಲು. ಪಕ್ಕದ ಅಡಿಕೆ ಮರದಿಂದ ಹಾಳೆಯೂ ಬೀಳುತ್ತದೆ, ಆದರೆ ಅದು ಸೋಗೆಯ ಸಮೇತ ಗಾಳಿಯನ್ನು ಸೀಳುತ್ತಾ, ತಿರುಗುತ್ತಾ ಬರುವುದರಿಂದ ತನ್ನ ಎತ್ತರದ ದೊಡ್ಡ ಪಾಲನ್ನು ದಾರಿಯಲ್ಲೇ ಗಾಳಿಗೆ ಕೊಟ್ಟಿರುತ್ತದೆ. ಕಾಯಿ ಹಾಗೆ ಕೊಡುವುದಿಲ್ಲ, ಇದ್ದಬದ್ದದ್ದನ್ನೆಲ್ಲ ತಂದು ಮಣ್ಣಿಗೆ ಇಳಿಸುತ್ತದೆ. ಮಣ್ಣನ್ನು ಸರಿಸುವುದಕ್ಕೆ ಒಂದು ಪಾಲು, "ಧಡ್" ಎಂಬ ಸದ್ದಿಗೆ ಒಂದು ಚೂರು. ಕೊನೆಗೆ ಎಲ್ಲವೂ ಬಿಸಿಯೇ, ಆ ಗುಂಡಿಯ ಮಣ್ಣು ಕೂದಲೆಳೆಯಷ್ಟು ಬೆಚ್ಚಗಾಗಿರುತ್ತದೆ.

ಗೌಡರು ಬಗ್ಗಿ ಮಣ್ಣು ಮುಟ್ಟಿದರು. ಕೈಗೆ ಗೊತ್ತಾಗುವಷ್ಟು ಬಿಸಿ ಅಲ್ಲ ಅದು. ಅಷ್ಟು ಸಣ್ಣ ಬಿಸಿಯನ್ನು ಅಳೆದು ತೋರಿಸಿದ್ದಕ್ಕೇ ಜೇಮ್ಸ್ ಜೂಲ್ ಎಂಬವರ ಹೆಸರು ಶಕ್ತಿಯ ಅಳತೆಗೆ ಬಂದದ್ದು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರದ ಬಿಯರ್ ತಯಾರಿಸುವ ಮನೆತನದವರು. ಭಾರದ ಗುಂಡುಗಳನ್ನು ಕೆಳಗೆ ಇಳಿಯಬಿಟ್ಟು, ಆ ಇಳಿತದಿಂದ ನೀರಿನೊಳಗೆ ರೆಕ್ಕೆ ತಿರುಗಿಸಿ, ನೀರು ಎಷ್ಟು ಬೆಚ್ಚಗಾಯಿತು ಎಂದು 1840ರ ದಶಕದಲ್ಲಿ ಮತ್ತೆ ಮತ್ತೆ ಅಳೆದರು. 1847ರಲ್ಲಿ ಮದುವೆಯಾಗಿ ಆಲ್ಪ್ಸ್ ಕಡೆಗೆ ಪ್ರವಾಸ ಹೋದಾಗಲೂ ಅವರ ಕೈಯಲ್ಲಿ ಉದ್ದದ ಥರ್ಮಾಮೀಟರ್ ಇತ್ತೆಂದು ಗೆಳೆಯ ವಿಲಿಯಂ ಥಾಮ್ಸನ್ ಮುಂದೆ ನೆನಪಿಸಿಕೊಂಡಿದ್ದಾರೆ. ಜಲಪಾತದ ತುದಿಯ ನೀರಿಗಿಂತ ಬುಡದ ನೀರು ಬೆಚ್ಚಗಿರಬೇಕು, ಅದನ್ನು ಅಳೆಯಬೇಕು ಎಂಬುದು ಜೂಲರ ಆಸೆ. ನೀರು ತುಂತುರಾಗಿ ಒಡೆದು ಗಾಳಿಗೆ ತಣಿದುಬಿಟ್ಟಿತು, ಅಳತೆ ಸಾಧ್ಯವಾಗಲಿಲ್ಲ.

ತೊಡಿಕಾನದ ದೇವರಗುಂಡಿ ಜಲಪಾತಕ್ಕೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುವ ಮೇಷ್ಟ್ರುಗಳು ಈ ಕತೆಯನ್ನು ಅಲ್ಲೇ ಹೇಳಬಹುದು. ನೀರು ಒಂದು ಡಿಗ್ರಿ ಬೆಚ್ಚಗಾಗಬೇಕಾದರೆ 427 ಮೀಟರ್ ಬೀಳಬೇಕು. ಕಣ್ಣೆದುರಿನ ಜಲಪಾತದ ಎತ್ತರಕ್ಕೆ ಎಷ್ಟು ಎಂದು ಮಕ್ಕಳೇ ಭಾಗಿಸಿ ನೋಡಲಿ. ಬಂಡೆ ಅಲ್ಲಿ ಜಾರುತ್ತದೆ, ಲೆಕ್ಕವನ್ನು ದೂರದಲ್ಲಿ ಕುಳಿತು ಮಾಡಿದರೂ ಉತ್ತರ ಅದೇ ಬರುತ್ತದೆ.

"ಬಸ್ಸಿನದ್ದು ಬಿಡಿ, ರೈಲು ಹೇಗೆ ಇಳೀತದೆ?" ಗೌಡರ ಮುಂದಿನ ಪ್ರಶ್ನೆ. ರೈಲೆಂದರೆ ನಮಗೆ ನೆಟ್ಟಣದ ರೈಲು. ಕಡಬ ತಾಲೂಕಿನ ನೆಟ್ಟಣದಲ್ಲಿರುವ ನಿಲ್ದಾಣಕ್ಕೆ ಸುಬ್ರಹ್ಮಣ್ಯ ರೋಡ್ ಎಂದು ಹೆಸರು, ಕುಕ್ಕೆಗೆ ಹೋಗುವ ಭಕ್ತರು ಇಳಿಯುವ ಜಾಗ. ಅಲ್ಲಿಂದ ಸಕಲೇಶಪುರಕ್ಕೆ 55 ಕಿಲೋಮೀಟರ್ ಘಟ್ಟದ ಹಳಿ, 57 ಸುರಂಗ, ಮತ್ತೆ ಲೆಕ್ಕವಿಲ್ಲದ ತಿರುವು. ಐವತ್ತು ಮೀಟರ್ ಹೋದರೆ ಒಂದು ಮೀಟರ್ ಏರು. 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದ ಹಳಿ, 1996ರಲ್ಲಿ ಬ್ರಾಡ್‌ಗೇಜ್ ಕೆಲಸಕ್ಕೆ ನಿಂತಿತು. ಪ್ರಯಾಣಿಕರ ರೈಲು ಮತ್ತೆ ಹತ್ತಿದ್ದು 2007ರ ಡಿಸೆಂಬರಿನಲ್ಲಿ. ಬಸ್ಸಿಗೆ ಐವತ್ತಕ್ಕೆ ಒಂದು ಎಂಬ ಏರು ಏರೇ ಅಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಅದು ಕಡಿದಾದ ಬೆಟ್ಟ. ಹಿಡಿತ ಕಡಿಮೆ, ಮಳೆಗಾಲದಲ್ಲಿ ಇನ್ನೂ ಕಡಿಮೆ. ಅದಕ್ಕೇ ನೆಟ್ಟಣದಲ್ಲಿ ರೈಲಿನ ಹಿಂದೆ ಬ್ಯಾಂಕರ್ ಎಂಬ ದೂಡುವ ಎಂಜಿನ್ ಸೇರಿಸುವುದು. ನಿಲ್ದಾಣದಲ್ಲಿ ನಿಂತು ನೋಡಿದರೆ ಆ ಎಂಜಿನು ಹಿಂದಿನಿಂದ ನಿಧಾನಕ್ಕೆ ಬಂದು ತಾಗುವುದು, ಡಬ್ಬಿಯಿಂದ ಡಬ್ಬಿಗೆ ಆ ಸಣ್ಣ ನೂಕು ದಾಟುತ್ತಾ ಮುಂದಿನವರೆಗೆ ಹೋಗುವುದು ಕಾಲಿಗೇ ತಿಳಿಯುತ್ತದೆ.

ಈಗ ಇಳಿಯುವ ಲೆಕ್ಕ. ಎಂಜಿನ್ ಸೇರಿ ರೈಲು ಸಾವಿರ ಟನ್, ಇಳಿತ ಎಂಟು ನೂರು ಮೀಟರ್ ಎಂದಿಟ್ಟುಕೊಂಡರೆ ಬಿಡಿಸಬೇಕಾದ ಶಕ್ತಿ ಸುಮಾರು 2,200 ಯೂನಿಟ್. ಬಿಸಿಯಾಗಿ ಹೋಗುವುದಾದರೆ 25,000 ಲೀಟರ್ ನೀರನ್ನು ಕುದಿಯುವ ಹದಕ್ಕೆ ತರಲು ಸಾಕು. ಗಂಟೆಗೆ 30 ಕಿಲೋಮೀಟರಿನ ಓಟದಲ್ಲಿ ಆ ರೈಲಿನಲ್ಲಿ ಇರುವುದು ಹತ್ತು ಯೂನಿಟ್ಟಿಗೂ ಸ್ವಲ್ಪ ಕಡಿಮೆ. ಹಳಿಯ ತಿಕ್ಕಾಟ, ತಿರುವಿನಲ್ಲಿ ಗಾಲಿ ಉಜ್ಜುವುದು ಸೇರಿ ಒಂದು ಪಾಲು ಹೋಗುತ್ತದೆ. ಉಳಿದದ್ದಕ್ಕೆಲ್ಲ ಗಾಲಿಯ ಬ್ರೇಕನ್ನೇ ನಂಬಿದರೆ ಬಸ್ಸಿನ ಡ್ರಮ್ಮಿನ ಕತೆಯೇ. ಅದಕ್ಕೆ ಡೀಸೆಲ್ ಎಂಜಿನ್ನಿನಲ್ಲಿ ಒಂದು ಉಪಾಯ ಉಂಟು. ಗಾಲಿ ತಿರುಗಿಸುವ ಮೋಟರುಗಳನ್ನೇ ಇಳಿಯುವಾಗ ಜನರೇಟರ್ ಮಾಡಿಬಿಡುವುದು. ಗಾಲಿ ಮೋಟರನ್ನು ತಿರುಗಿಸುತ್ತದೆ, ಕರೆಂಟು ಹುಟ್ಟುತ್ತದೆ, ಆ ಕೆಲಸವೇ ಗಾಲಿಯನ್ನು ಹಿಂದಕ್ಕೆ ಎಳೆಯುತ್ತದೆ. ಹುಟ್ಟಿದ ಕರೆಂಟನ್ನು ಎಂಜಿನ್ನಿನಲ್ಲೇ ಇರುವ ದೊಡ್ಡ ದೊಡ್ಡ ಕಾಯಿಲುಗಳಲ್ಲಿ ಕಾಯಿಸಿ, ಫ್ಯಾನಿನಿಂದ ಆ ಬಿಸಿಯನ್ನು ಹೊರಗೆ ಊದುವುದು. ಎಂಟು ನೂರು ಮೀಟರಿನ ಎತ್ತರ ಎಡಕುಮೇರಿಯ ಕಾಡಿನ ಗಾಳಿಗೆ ಬಿಸಿಯಾಗಿ ಸೇರುತ್ತಿದ್ದದ್ದು ಹೀಗೆ.

"ಛೆ, ಅಷ್ಟೂ ಕರೆಂಟು ಸುಮ್ಮನೆ ಹೋದ ಹಾಗಾಯ್ತಲ್ಲ ಮಾರಾಯ್ರೆ" ಎಂದರು ಗೌಡರು. ಈಗ ಆ ಘಟ್ಟದ ಹಳಿಯ ಮೇಲೂ ವಿದ್ಯುತ್ ತಂತಿ ಬಂದಿದೆ. 2025ರಲ್ಲಿ ಅದರ ಕೆಲಸಕ್ಕಾಗಿ ಹಗಲಿನ ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿ, ಬೆಂಗಳೂರಿನಲ್ಲಿ ಮಕ್ಕಳಿರುವ ನಮ್ಮ ಊರಿನವರಿಗೆಲ್ಲ ಬಸ್ಸೇ ಗತಿಯಾಗಿತ್ತು. ಆ ಕಷ್ಟದ ಫಲ ಏನೆಂದು ಜನರಿಗೆ ಸರಿಯಾಗಿ ತಿಳಿದಿಲ್ಲ. ಹೊಗೆ ಇಲ್ಲ ಎಂಬುದು ಒಂದು. ನನಗೆ ಹೆಚ್ಚು ಸಂತೋಷ ಕೊಡುವುದು ಇನ್ನೊಂದು. ಈಗಿನ ವಿದ್ಯುತ್ ಎಂಜಿನ್ನುಗಳು ಇಳಿಯುವಾಗ ಹುಟ್ಟಿದ ಕರೆಂಟನ್ನು ಕಾಯಿಲಿನಲ್ಲಿ ಸುಡದೆ ತಂತಿಗೇ ವಾಪಸ್ ಕೊಡಬಲ್ಲವು. ಅದೇ ತಂತಿಯಡಿ ಆ ಹೊತ್ತಿಗೆ ಇನ್ನೊಂದು ರೈಲು ಹತ್ತುತ್ತಿದ್ದರೆ ಅದು ಆ ಕರೆಂಟನ್ನು ತೆಗೆದುಕೊಳ್ಳುತ್ತದೆ. ಸಕಲೇಶಪುರದಿಂದ ಇಳಿಯುವ ರೈಲು ನೆಟ್ಟಣದಿಂದ ಹತ್ತುವ ರೈಲಿಗೆ ಹೆಗಲು ಕೊಟ್ಟ ಲೆಕ್ಕ. ಎಲ್ಲವೂ ವಾಪಸ್ ಬರುವುದಿಲ್ಲ, ಮೋಟರು, ತಂತಿ, ಟ್ರಾನ್ಸ್‌ಫಾರ್ಮರು ತಮ್ಮ ಪಾಲು ಹಿಡಿದುಕೊಳ್ಳುತ್ತವೆ. ಆದರೂ ಪೂರ್ತಿ ಕಾಡಿಗೆ ಊದುತ್ತಿದ್ದುದರಲ್ಲಿ ಒಂದು ಒಳ್ಳೆಯ ಪಾಲು ಕೈಗೆ ಬರುತ್ತದೆ.

ಎತ್ತರದ ಠೇವಣಿಯನ್ನು ಯಾರ ಅಪ್ಪಣೆಯೂ ಇಲ್ಲದೆ ಬಿಡಿಸಿಕೊಂಡರೆ ಏನಾಗುತ್ತದೆ ಎಂಬುದನ್ನು ನಮ್ಮ ಸೀಮೆ ಕಂಡಿದೆ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಇಳಿದಾಗ ಮನೆ, ತೋಟ, ಜೀವ ಹೋದವು, ಸಂಪಾಜೆ ಘಟ್ಟದ ರಸ್ತೆ ಮುಚ್ಚಿತು. ಪಯಸ್ವಿನಿ ನದಿ ಕೆಂಪಾಗಿ ಮರದ ದಿಮ್ಮಿಗಳನ್ನು ಹೊತ್ತು ಬಂತು. 2024ರ ಜುಲೈಯಲ್ಲಿ ಎಡಕುಮೇರಿಯ ಹತ್ತಿರ ಹಳಿಯ ಬುಡದ ಮಣ್ಣು ಜಾರಿ ರೈಲು ನಿಂತಿತು. ಗುಡ್ಡದ ಮಣ್ಣಿನಲ್ಲಿ ಆ ಶಕ್ತಿ ಹಿಂದಿನಿಂದಲೂ ಇತ್ತು. ಮಣ್ಣಿನ ಕಣಕಣದ ತಿಕ್ಕಾಟ, ಮರದ ಬೇರು ಅದನ್ನು ಹಿಡಿದಿಟ್ಟಿದ್ದವು. ನೀರು ಸೇರಿ ತೂಕ ಹೆಚ್ಚಿತು, ತಿಕ್ಕಾಟ ಕಡಿಮೆಯಾಯಿತು. ಗುಡ್ಡದ ಬುಡ ಕಡಿದು ಮನೆಗೆ ತಟ್ಟು ಮಾಡುವಾಗ, ರಸ್ತೆ ಅಗಲ ಮಾಡುವಾಗ, ಮೇಲೆ ಎಷ್ಟು ಶಕ್ತಿ ಕಾದು ನಿಂತಿದೆ ಎಂದು ಒಮ್ಮೆ ತಲೆಯೆತ್ತಿ ನೋಡಬೇಕು. ಗೌಡರು ಈ ಮಾತಿಗೆ ಬಹಳ ಹೊತ್ತು ಏನೂ ಹೇಳಲಿಲ್ಲ. ಆ ದಾರಿಯ ಒಂದೊಂದು ಮನೆಯೂ ಅವರಿಗೆ ಗೊತ್ತಿದ್ದದ್ದು.

ಅದೇ ಎತ್ತರ ಬದುಕನ್ನು ಕೊಟ್ಟದ್ದೂ ಉಂಟು. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಕಡೆಯ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದ ಹೊಟ್ಟೆಗೆ ಒಬ್ಬರೇ ಸುರಂಗ ಕೊರೆದರು. ಹಲವು ಸುರಂಗಗಳಲ್ಲಿ ನೀರು ಸಿಗದಿದ್ದರೂ ಬಿಡದೆ ಕೊರೆದು ನೀರು ತಂದರು, ಅಡಿಕೆ ತೋಟ ಮಾಡಿದರು. 2022ರಲ್ಲಿ ಪದ್ಮಶ್ರೀ ಬಂತು. ಸುರಂಗದ ದೊಡ್ಡಸ್ತಿಕೆ ಎಲ್ಲಿ ಉಂಟೆಂದರೆ, ನೀರು ಸಿಗುವುದು ತೋಟಕ್ಕಿಂತ ಮೇಲೆ. ಬಾವಿಯ ನೀರನ್ನು ಎತ್ತಬೇಕು, ಸುರಂಗದ ನೀರು ತಾನಾಗಿ ಇಳಿದು ಬರುತ್ತದೆ. ಮಳೆಯ ನೀರನ್ನು ಗುಡ್ಡದ ಮೇಲೆ ಎತ್ತಿ ಹಾಕಿದ್ದು ಸೂರ್ಯ, ಅದಕ್ಕೆ ಯಾರೂ ಬಿಲ್ಲು ಕೊಡಬೇಕಾಗಿಲ್ಲ.

ಗೌಡರ ತೋಟಕ್ಕೂ ನೀರು ಗುಡ್ಡದ ಮೇಲಿನ ಟಾಂಕಿಯಿಂದ ಬರುವುದು. ನಾವು ಮಾತಾಡುತ್ತಿದ್ದಾಗ ಬೇಲಿಯ ಆಚೆ ಅವರ ಸ್ಪ್ರಿಂಕ್ಲರ್ ಜೆಟ್ ತಿರುಗುತ್ತಾ ಇತ್ತು. ಅದನ್ನು ಹತ್ತಿರದಿಂದ ನೋಡುವುದೇ ಒಂದು ಪಾಠ. ನೀರಿನ ಚಿಮ್ಮು ಕೈಯ ತುದಿಯ ಸಣ್ಣ ಚಮಚಕ್ಕೆ ಹೊಡೆಯುತ್ತದೆ, ಕೈ ಪಕ್ಕಕ್ಕೆ ಹಾರುತ್ತದೆ, ಹಾರುವಾಗ ಸ್ಪ್ರಿಂಗನ್ನು ಬಿಗಿಯುತ್ತದೆ. ಸ್ಪ್ರಿಂಗು ಅದನ್ನು ಹಿಂದಕ್ಕೆ ಎಳೆಯುತ್ತದೆ. ವಾಪಸ್ ಬಂದ ಕೈ ಜೆಟ್ಟಿನ ಮೈಗೆ ಟಕ್ ಎಂದು ಬಡಿದು ಅದನ್ನು ಕೂದಲಷ್ಟು ತಿರುಗಿಸುತ್ತದೆ. ಮತ್ತೆ ನೀರು, ಮತ್ತೆ ಟಕ್. ಗುಡ್ಡದ ಎತ್ತರ ನೀರಿನ ಓಟವಾಗಿ, ಓಟ ಕೈಯ ಬೀಸಾಗಿ, ಬೀಸು ಸ್ಪ್ರಿಂಗಿನ ಬಿಗಿಯಾಗಿ, ಮತ್ತೆ ಬೀಸಾಗಿ, ಕೊನೆಗೆ ಒಂದು ಸದ್ದು ಮತ್ತು ಒಂದು ಸಣ್ಣ ತಿರುಗು. ಮೋಟರಿಲ್ಲ, ಗೇರಿಲ್ಲ. 1930ರ ದಶಕದಲ್ಲಿ ಇದನ್ನು ಕಂಡುಹಿಡಿದದ್ದು ಕ್ಯಾಲಿಫೋರ್ನಿಯಾದ ಗ್ಲೆಂಡೋರಾದ ಆರ್ಟನ್ ಎಂಗಲ್‌ಹಾರ್ಟ್, ಕಿತ್ತಳೆ–ನಿಂಬೆ ಜಾತಿಯ ಹಣ್ಣು ಬೆಳೆಯುತ್ತಿದ್ದ ತೋಟದವರೇ. ತೋಟದವನಿಗೆ ಏನು ಬೇಕೆಂದು ತೋಟದವನಿಗೇ ಗೊತ್ತು.

"ಕಳೆದ ವಾರ ಗೇಟ್‌ವಾಲ್ ಫಕ್ಕನೆ ಮುಚ್ಚಿದ್ದಕ್ಕೆ ಮೇಲಿನ ಜಾಯಿಂಟೇ ಕಿತ್ತು ಬಂತು" ಎಂದರು ಗೌಡರು. ಅವರ ಪೈಪು ಎರಡಿಂಚಿನದು, ಗುಡ್ಡದಿಂದ ಇಳಿಯುವ ಉದ್ದ ಮುನ್ನೂರು ಮೀಟರ್. ಅದರೊಳಗೆ ಯಾವಾಗಲೂ ಸುಮಾರು 600 ಲೀಟರ್ ನೀರು. ವಾಲ್ ತೆರೆದಿದ್ದಾಗ 600 ಕಿಲೋದ ಒಂದು ನೀರಿನ ಕಂಬ ಓಡುತ್ತಾ ಇರುತ್ತದೆ. ಫಕ್ಕನೆ ಬಾಗಿಲು ಹಾಕಿದರೆ ಅದು ಎಲ್ಲಿಗೆ ಹೋಗಬೇಕು? ಒತ್ತಡವಾಗಿ ಪೈಪಿನ ಗೋಡೆಗೆ ಬಡಿಯುತ್ತದೆ. ಸಾಧಾರಣ ಓಟದಲ್ಲೂ ಪಿವಿಸಿ ಪೈಪಿನಲ್ಲಿ ಐದಾರು ಕೇಜಿ ಒತ್ತಡ ಒಮ್ಮೆಗೇ ಏರಬಹುದು. ಬಿಸಿಗಾಳಿಯ ಬಲೂನು ಹಾರಿಸಿದ ಮೋಂಗೋಲ್ಫಿಯೆ ಸಹೋದರರಲ್ಲಿ ಒಬ್ಬರು 1796ರಲ್ಲಿ ಇದೇ ಹೊಡೆತವನ್ನು ಕೆಲಸಕ್ಕೆ ಹಚ್ಚಿ, ಇಳಿಯುವ ನೀರಿನ ಬಲದಿಂದಲೇ ಅದರ ಒಂದು ಸಣ್ಣ ಪಾಲನ್ನು ಇನ್ನೂ ಮೇಲಕ್ಕೆ ಏರಿಸುವ ಯಂತ್ರ ಮಾಡಿದರು, ಹೈಡ್ರಾಲಿಕ್ ರ‍್ಯಾಮ್ ಎಂದು ಅದರ ಹೆಸರು. ಯಂತ್ರ ಇಲ್ಲದವರು ವಾಲನ್ನು ನಿಧಾನಕ್ಕೆ ಮುಚ್ಚಬೇಕು. ಘಟ್ಟದಲ್ಲಿ ಬಸ್ಸು ನಿಲ್ಲಿಸುತ್ತಿದ್ದ ಹಾಗೆ ಎಂದು ಹೇಳಿದರೆ ಗೌಡರಿಗೆ ಸಾಕು, ಬೇರೆ ವಿವರಣೆ ಬೇಡ.

ಅವರ ನಿಜವಾದ ದೂರು ಬೇರೆಯೇ ಇತ್ತು. ಟಾಂಕಿ ತೋಟದ ತಳಕ್ಕಿಂತ ಇಪ್ಪತ್ತೈದು ಮೀಟರ್ ಮೇಲೆ. ಹತ್ತು ಮೀಟರಿಗೆ ಒಂದು ಕೇಜಿಯಂತೆ ಎರಡೂವರೆ ಕೇಜಿ ಒತ್ತಡ ಸಿಗಬೇಕು. ವಾಲ್ ಮುಚ್ಚಿದಾಗ ಗೇಜಿನ ಮುಳ್ಳು ಸರಿಯಾಗಿ ಎರಡೂವರೆಯಲ್ಲೇ ನಿಲ್ಲುತ್ತದೆ. ಜೆಟ್ಟುಗಳನ್ನು ತೆರೆದ ಕೂಡಲೇ ಒಂದಕ್ಕೆ ಇಳಿಯುತ್ತದೆ, ಕೊನೆಯ ಜೆಟ್ಟು ತಿರುಗುವುದೇ ಇಲ್ಲ. "ಒಂದೂವರೆ ಕೇಜಿ ಯಾರು ತಿಂದದ್ದು ಮಾಸ್ಟ್ರೆ? ಪಂಪ್ ಹಾಕ್ಲಿಕ್ಕೆ ಹೇಳ್ತಾನೆ ಅಂಗಡಿಯವ."

ತಿಂದದ್ದು ಪೈಪು. ನಿಂತ ನೀರಿಗೆ ತಿಕ್ಕಾಟ ಇಲ್ಲ, ಹಾಗಾಗಿ ಎತ್ತರವೆಲ್ಲ ಒತ್ತಡವಾಗಿ ಕಾಣುತ್ತದೆ. ನೀರು ಓಡತೊಡಗಿದ ಮೇಲೆ ಗೋಡೆಗೆ ಉಜ್ಜಿ, ಎಲ್ಬೋಗಳಲ್ಲಿ ಸುಳಿದು, ಹದಿನೈದು ಮೀಟರ್ ಎತ್ತರದಷ್ಟು ಶಕ್ತಿಯನ್ನು ದಾರಿಯಲ್ಲೇ ಕಳೆದುಕೊಂಡು ಬರುತ್ತದೆ. ಅಷ್ಟೇ ನೀರು ಮೂರಿಂಚಿನ ಪೈಪಿನಲ್ಲಿ ಬಂದರೆ ಈ ನಷ್ಟ ಏಳೂವರೆ ಪಟ್ಟು ಕಡಿಮೆ, ಹದಿನೈದರ ಜಾಗದಲ್ಲಿ ಎರಡು ಮೀಟರ್. ಅಡ್ಡಳತೆ ಒಂದೂವರೆ ಪಟ್ಟಾಯಿತು, ಅದನ್ನು ಐದು ಸಲ ಗುಣಿಸಿ ನೋಡಿ ಎಂದು ಗೌಡರ ಕೈಗೆ ಅವರ ಫೋನನ್ನೇ ಕೊಟ್ಟೆ. ಅವರು ಗುಣಿಸಿದರು, 7.59 ಬಂತು. ಇನ್ನೊಮ್ಮೆ ಗುಣಿಸಿದರು.

"ಹಾಗಾದ್ರೆ ಪಂಪ್ ಬೇಡ" ಎಂದರು.

"ಬೇಡ. ಮೂರಿಂಚು ಪೈಪ್ ತನ್ನಿ. ಟಾಂಕಿಯಿಂದ ಮೊದಲ ಕವಲಿನವರೆಗೆ ಹಾಕಿದರೂ ಸಾಕು. ಆ ಮೂರು ಎಲ್ಬೋ ತೆಗೆದು ಉದ್ದದ ಬೆಂಡ್ ಹಾಕಿ."

ಸೋಮವಾರ ಪುತ್ತೂರಿಗೆ ಹೋಗುವುದೆಂದು ಆಯಿತು. ಪಿಕಪ್ಪು ಅವರದ್ದು, ಅಳತೆಯ ಚೀಟಿ ನನ್ನದು.